ಮೇಡಂ ಅವರ ಮರೆವು

ಮಾತ್ರೆಗಳು ಬಂದ ದಿನ ಬೆಳಗಿನ ಗಂಜಿ ಇನ್ನೂ ಆಗಿರಲಿಲ್ಲ. ಸೌದೆ ಹಸಿಯಾಗಿತ್ತು. ಅಡುಗೆಯ ಚಿಕ್ಕಮ್ಮ ಊದುಗೊಳವೆ ಹಿಡಿದು ಕೂತು, ಒಂದು ಸಲ ಒಲೆಗೆ ಊದಿದರೆ ಎರಡು ಸಲ ಸೌದೆ ತಂದವನಿಗೆ ಶಾಪ ಹಾಕುತ್ತಿದ್ದರು. ಆಗ ಜೀಪು ಬಂದು ಅಂಗಳದಲ್ಲಿ ನಿಂತಿತು. ಅದರಿಂದ ರಟ್ಟಿನ ಪೆಟ್ಟಿಗೆಗಳು ಇಳಿದವು. ಪ್ರತಿ ಪೆಟ್ಟಿಗೆಯ ಮೇಲೂ ಕೆನ್ನೆ ತುಂಬಿದ ಹುಡುಗನೊಬ್ಬ ಕನ್ನಡಕ ಹಾಕಿಕೊಂಡು ದಪ್ಪ ಪುಸ್ತಕ ಹಿಡಿದು ನಗುತ್ತಿದ್ದ.

"ಏನೇ ಅದು, ಬೇಳೆನಾ?" ಎಂದು ಚಿಕ್ಕಮ್ಮ ಹೊಗೆಯೊಳಗಿಂದ ಕೇಳಿದರು.

"ಅಲ್ಲ ಚಿಕ್ಕಮ್ಮ, ಮಾತ್ರೆ," ಎಂದೆ ನಾನು.

"ಯಾರಿಗೆ ಜ್ವರ?"

"ಯಾರಿಗೂ ಇಲ್ಲ. ಬುದ್ಧಿ ಬರೋ ಮಾತ್ರೆ ಅಂತೆ. ತಿಂದ್ರೆ ನೆನಪಿನ ಶಕ್ತಿ ಜಾಸ್ತಿ ಆಗುತ್ತಂತೆ."

"ಹಾಗಾದ್ರೆ ಮೊದಲು ಹೆಡ್ಮಾಸ್ಟರಿಗೆ ಒಂದು ಹಿಡಿ ಕೊಡು. ಮೊಟ್ಟೆ ತರಿಸ್ತೀನಿ ಅಂದು ಎಷ್ಟು ಕಾಲ ಆಯ್ತು ಅಂತಾದ್ರೂ ನೆನಪಾಗಲಿ."

ಬೆಟ್ಟದ ಮೇಲೆ, ಕಾಡಿನೊಳಗೆ, ಬಸ್ಸು ಹೋಗದ ಕಡೆ ನಮ್ಮ ಜನರ ಊರುಗಳಿವೆ. ಅಲ್ಲಿನ ಮಕ್ಕಳಿಗೆಂದು ಬೆಟ್ಟದ ಬುಡದಲ್ಲಿ ಕಟ್ಟಿದ ವಸತಿ ಶಾಲೆ ಇದು. ನಾನು ಇಲ್ಲೇ ನಾಲ್ಕನೇ ಕ್ಲಾಸಿನವರೆಗೆ ಓದಿದೆ, ಓದು ಬಿಟ್ಟೆ, ಈಗ ಇಲ್ಲಿಯ ಅಡುಗೆಮನೆಯಲ್ಲೇ ಪಾತ್ರೆ ತೊಳೆಯುತ್ತೇನೆ. ಮಾತು ಕಡಿಮೆ ಎಂದು ಹೆಡ್ಮಾಸ್ಟರು ನನ್ನನ್ನು ಮೂಗಿ ಎನ್ನುತ್ತಾರೆ. ಅದಕ್ಕೂ ನಾನು ಉತ್ತರ ಕೊಟ್ಟಿಲ್ಲ. ಈ ವರ್ಷ ನನ್ನ ತಂಗಿ ಶಾಲೆಗೆ ಸೇರಿದಳು. ಇಡೀ ಶಾಲೆಗೆ ಕುಳ್ಳಿ. ಮಕ್ಕಳು ಗುಬ್ಬಿ ಎನ್ನುತ್ತಾರೆ. ಅಮ್ಮ ಅವಳನ್ನು ಬೆಟ್ಟದಿಂದ ಇಳಿಸಿದ್ದು ನಾನಿಲ್ಲಿದ್ದೇನೆ ಎಂಬ ಒಂದೇ ಧೈರ್ಯದ ಮೇಲೆ.

ಮಾತ್ರೆಗಳ ಜೊತೆಗೆ ಒಬ್ಬ ಮೇಡಂ ಬಂದರು. ನಗರದಲ್ಲಿ ದೊಡ್ಡ ಓದು ಓದಿದವರು. ಒಳ್ಳೆಯ ಹೆಂಗಸು. ಎದುರು ಬಂದ ಎಲ್ಲರನ್ನೂ "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಉತ್ತರ ಬರುವಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತಿದ್ದರು. ಬೆಟ್ಟದ ಮಕ್ಕಳಿಗೆ ಪೌಷ್ಟಿಕಾಂಶ ಸಾಲದೆ ತಲೆ ಓಡುವುದಿಲ್ಲ, ಮಾತ್ರೆ ಕೊಟ್ಟರೆ ಓಡುತ್ತದೆಯೇ ಎಂದು ನೋಡುವುದು ಅವರ ಕೆಲಸ. ಅರ್ಧ ಮಕ್ಕಳ ಮಾತ್ರೆಯಲ್ಲಿ ಸತ್ವ, ಇನ್ನರ್ಧ ಮಕ್ಕಳ ಮಾತ್ರೆಯಲ್ಲಿ ಬರೀ ಹಿಟ್ಟು. ಎರಡೂ ಒಂದೇ ಕಿತ್ತಳೆ ಬಣ್ಣ. ಯಾರಿಗೆ ಯಾವುದು ಎಂದು ಮೇಡಂಗೂ ಗೊತ್ತಿರುವುದಿಲ್ಲವಂತೆ.

ಇದನ್ನು ಕೇಳಿದ ಚಿಕ್ಕಮ್ಮ ಊದುಗೊಳವೆ ಕೆಳಗಿಟ್ಟರು. "ಏನೂ ಇಲ್ಲದ ಮಾತ್ರೆನೂ ತಂದಿದಾರಾ? ಅದಕ್ಕೆ ಅಷ್ಟು ದೂರದಿಂದ ಜೀಪು ಮಾಡ್ಕೊಂಡು ಬರ್ಬೇಕಿತ್ತಾ? ಏನೂ ಇಲ್ಲದ್ದು ನಮ್ಮ ಉಗ್ರಾಣದಲ್ಲೇ ಬೇಕಾದಷ್ಟಿತ್ತಲ್ಲೇ!"

ಮಾತ್ರೆ ಕೊಡುವ ಮೊದಲು ಒಂದು ಪರೀಕ್ಷೆ, ಕೊಟ್ಟ ಮೇಲೆ ಅದೇ ಪರೀಕ್ಷೆ ಇನ್ನೊಂದು ಸಲ. ಪರೀಕ್ಷೆಗೆ ಉಗ್ರಾಣವನ್ನೇ ಖಾಲಿ ಮಾಡಿಕೊಟ್ಟರು. ಅದೇನು ದೊಡ್ಡ ಕೆಲಸವಾಗಲಿಲ್ಲ. ಅಡುಗೆಮನೆಗೂ ಉಗ್ರಾಣಕ್ಕೂ ನಡುವೆ ಒಂದು ಕಿಂಡಿ ಇದೆ, ಸಾಮಾನು ದಾಟಿಸುವುದಕ್ಕೆ. ನನ್ನ ಪಾತ್ರೆಯ ರಾಶಿ ಆ ಕಿಂಡಿಯ ಪಕ್ಕದಲ್ಲೇ ಇರುವುದರಿಂದ ನಾನು ಎಲ್ಲವನ್ನೂ ನೋಡಿದೆ.

ಹೆಡ್ಮಾಸ್ಟರು ಮಕ್ಕಳನ್ನು ಡ್ರಿಲ್ಲಿಗೆ ನಿಲ್ಲಿಸಿದಂತೆ ಎತ್ತರದ ಪ್ರಕಾರ ಜಗುಲಿಯಲ್ಲಿ ಸಾಲು ನಿಲ್ಲಿಸಿದರು. ಎಲ್ಲರಿಗಿಂತ ಮುಂದೆ ನಮ್ಮ ದೊಡ್ಡಪ್ಪನ ಮಗಳು ಉದ್ದಕ್ಕ, ಎಲ್ಲರಿಗಿಂತ ಹಿಂದೆ ಗುಬ್ಬಿ. ಉಗ್ರಾಣದ ಬಾಗಿಲಿಗೆ ಹಲಗೆಗಳೇ ಅರ್ಧ ಇಲ್ಲ. ಒಳಗಿನ ಮಾತು ಸಾಲಿನ ಕೊನೆಯವರೆಗೂ ಕೇಳಿಸುತ್ತಿತ್ತು.

ಉದ್ದಕ್ಕ ಒಳಗೆ ಹೋದಳು. ಮೇಡಂ ಚಿತ್ರ ತೋರಿಸಿದರು: ಇದೇನು? ಕೊಡೆ. ಇದೇನು? ಗಡಿಯಾರ. ಮೂರು ಹಣ್ಣಿಗೆ ಎರಡು ಸೇರಿಸಿದರೆ? ಐದು. ಕೊನೆಗೆ ಮೇಡಂ, "ಚೆಂಡು, ಕುರ್ಚಿ, ಮಳೆ, ಬಾಗಿಲು" ಎಂದು ತಾವೇ ಹೇಳಿ, ಒಂದು ಗಳಿಗೆ ಸುಮ್ಮನಿದ್ದು, "ನಾನೇನು ಹೇಳಿದೆ?" ಎಂದು ಕೇಳಿದರು. ಉದ್ದಕ್ಕ ಗಾಬರಿಯಿಂದ ಅವರ ಮುಖ ನೋಡಿ, ಮೆತ್ತಗೆ, ಒಂದೊಂದಾಗಿ ಹೇಳಿಕೊಟ್ಟಳು. ಫ್ರಿಜ್ಜಿನ ಚಿತ್ರ ಮತ್ತು ಇನ್ನೂ ಎಷ್ಟೋ ಅವಳಿಗೆ ಗೊತ್ತಾಗಲಿಲ್ಲ.

ಎರಡನೆಯವನು ಹೋದ. ಅದೇ ಕೊಡೆ, ಅದೇ ಗಡಿಯಾರ. ಅವನು ಸುಮ್ಮನೆ ನಿಂತ. ಫ್ರಿಜ್ಜಿನ ಚಿತ್ರ ಬಂದಾಗ ಮಾತ್ರ "ಬಿಳಿ ಬೀರು" ಎಂದ. ಹೀಗೆಯೇ ಮುಂದಿನವರು. ಮುಂದೆ ಹೋದವರಿಗೆ ಬರದ್ದು ಯಾವುದಾದರೂ ಇದ್ದರೆ ಅದಕ್ಕೆ ಬಾಯಿ ಬಿಟ್ಟರು, ಉಳಿದದ್ದಕ್ಕೆ ಇಲ್ಲ. ಹಿಂದಕ್ಕೆ ಹೋದಂತೆ ಬಾಕಿ ಉಳಿದ ಪ್ರಶ್ನೆಗಳು ಕಡಿಮೆಯಾಗುತ್ತ ಬಂದವು. ಗುಬ್ಬಿಯ ಸರದಿ ಬರುವ ಹೊತ್ತಿಗೆ ಉತ್ತರ ಸಿಗದ ಪ್ರಶ್ನೆ ಒಂದೂ ಉಳಿದಿರಲಿಲ್ಲ. ಅವಳು ಒಳಗೆ ಹೋದಳು, ಮೇಡಂ ಕೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಕೈಮುಗಿದು ಹೊರಗೆ ಬಂದಳು.

ಮಧ್ಯಾಹ್ನ ಮೇಡಂ ಒಂದು ಹಾಳೆಯಲ್ಲಿ ಗೆರೆ ಎಳೆದು ಹೆಡ್ಮಾಸ್ಟರಿಗೆ ತೋರಿಸಿದರು. ಆ ಗೆರೆ ಜಾರುಬಂಡೆಯ ಹಾಗೆ ಮೇಲಿಂದ ಕೆಳಕ್ಕೆ ಇಳಿದಿತ್ತು.

"ನೋಡಿ ಸಾರ್, ಮಗು ಎಷ್ಟು ಕುಳ್ಳಗಿದೆಯೋ ಅಂಕ ಅಷ್ಟು ಕಡಿಮೆ. ಒಂದು ಮಗೂನೂ ತಪ್ಪಿಲ್ಲ. ಪೌಷ್ಟಿಕಾಂಶಕ್ಕೂ ಕಲಿಕೆಗೂ ಇರೋ ಸಂಬಂಧ ಇಷ್ಟು ಚೆನ್ನಾಗಿ ಎಲ್ಲೂ ಕಂಡಿರ್ಲಿಲ್ಲ. ನಂಗೆ ಮೈ ಜುಮ್ ಅಂತಿದೆ."

"ಸಾಲಲ್ಲಿ ನಿಲ್ಲೋದ್ರಲ್ಲಿ ನಮ್ಮ ಮಕ್ಕಳು ಮೊದಲಿಂದಲೂ ಶಿಸ್ತು ಮೇಡಂ," ಎಂದರು ಹೆಡ್ಮಾಸ್ಟರು. ಗೆರೆಯ ತುದಿಗೆ ಬೆರಳಿಟ್ಟರು. "ಇದ್ಯಾರು, ನೆಲಕ್ಕೆ ತಾಗಿರೋದು?"

"ಅತಿ ಚಿಕ್ಕ ಮಗು. ಸೊನ್ನೆ."

"ಓ, ಮೂಗಿ ತಂಗಿ. ವಂಶಪಾರಂಪರ್ಯ." ಹೆಡ್ಮಾಸ್ಟರು ಪಾತ್ರೆ ಉಜ್ಜುತ್ತಿದ್ದ ನನ್ನ ಕಡೆ ನೋಡಿಯೂ ನೋಡದವರಂತೆ ಮುಂದುವರಿಸಿದರು. "ಇನ್ನೊಂದು ಪರೀಕ್ಷೇಲೂ ಸೊನ್ನೆ ತಗೊಂಡ್ರೆ ನಿಮ್ಮ ಜೀಪಲ್ಲೇ ನಗರದ ಮಂದಬುದ್ಧಿ ಶಾಲೆಗೆ ಕಳಿಸಿಬಿಡೋಣ. ಒಂದು ಸೊನ್ನೆಗೆ ಇಡೀ ಶಾಲೆ ಸರಾಸರಿ ಯಾಕೆ ಹಾಳಾಗ್ಬೇಕು?"

ಆ ಶಾಲೆ ನಮಗೆ ಗೊತ್ತು. ಹಿಂದೆ ನಮ್ಮೂರಿನ ಒಂದು ಹೆಣ್ಣುಮಗುವನ್ನು ಅಲ್ಲಿಗೆ ಕಳಿಸಿದ್ದರು. ವರ್ಷಗಳ ನಂತರ ಅದು ಊರಿಗೆ ಬಂದಾಗ ಹೆತ್ತ ತಾಯಿಯನ್ನು, "ತಾವು ಯಾರು?" ಎಂದು ಶುದ್ಧವಾದ ಪುಸ್ತಕದ ಭಾಷೆಯಲ್ಲಿ ಕೇಳಿತ್ತು. ಶಾಲೆಯವರು ಅದನ್ನೇ ಪ್ರಗತಿ ಎಂದಿದ್ದರು.

ಸಂಜೆ ನೀರಿನ ತೊಟ್ಟಿಯ ಹತ್ತಿರ ಗುಬ್ಬಿಯನ್ನು ಹಿಡಿದು ಕೂರಿಸಿಕೊಂಡೆ.

"ಕೊಡೆ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು."

"ಮೂರು, ಎರಡು?"

"ಐದು. ಅಕ್ಕಾ, ಉದ್ದಕ್ಕ ಹೇಳಿದ್ಲಲ್ಲ! ನಾನೂ ಹೇಳಿದ್ರೆ ಉದ್ದಕ್ಕನ ಮಾತು ಸುಳ್ಳು ಅಂದ ಹಾಗಾಗಲ್ವಾ?"

ನಮ್ಮಲ್ಲಿ ಹಾಗೇ. ನಾಲ್ಕು ಜನ ಕೂತಲ್ಲಿ ಒಂದು ಮಾತು ಕೇಳಿದರೆ, ಒಬ್ಬರು ಉತ್ತರ ಹೇಳಿದರೆ, ಅಲ್ಲಿಗೆ ಮುಗಿಯಿತು. ಅದನ್ನೇ ಇನ್ನೊಬ್ಬರು ಹೇಳುವುದೆಂದರೆ ಮೊದಲು ಹೇಳಿದವರ ಮುಖಕ್ಕೆ ಉಗಿದಂತೆ. ಅದರಲ್ಲೂ ವಯಸ್ಸಿನಲ್ಲಿ ಹಿರಿಯರು ಹೇಳಿದ ಮೇಲೆ ಕಿರಿಯರು ಬಾಯಿ ಹಾಕಿದರೆ ಬೆನ್ನಿಗೆ ಬೀಳುತ್ತದೆ. ಈ ಸಂಕಟದಲ್ಲೇ ನಾನೂ ನಾಲ್ಕು ಕ್ಲಾಸು ಗೋಡೆಯ ಹಾಗೆ ಕೂತು ಎದ್ದು ಬಂದವಳು. ಇದನ್ನು ಹೋಗಿ ಮೇಡಂಗೆ ಹೇಳಬಹುದಿತ್ತು. ಆದರೆ ದೊಡ್ಡವರ ಎದುರು ನಿಂತರೆ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಗೆರೆ ನೋಡಿ ಮೈ ಜುಮ್ ಎಂದವರಿಗೆ ಗೆರೆ ಸುಳ್ಳು ಎಂದು ಹೇಳುವ ಧೈರ್ಯ ಎಲ್ಲಿಂದ ತರಲಿ?

ಗುಬ್ಬಿಯೇ ದಾರಿ ತೋರಿಸಿದಳು. "ಆ ಮೇಡಂ ಯಾಕಕ್ಕಾ ಹಾಗೆ? ಹೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾರೆ. ತಾವು ಹೇಳಿದ್ದೂ ಅವರಿಗೆ ನೆನಪಿರಲ್ಲ."

ನನಗೆ ಅಜ್ಜಿಯ ನೆನಪಾಯಿತು. ಕೊನೆಗಾಲದಲ್ಲಿ ಅಜ್ಜಿಗೆ ಮರೆವು. ನೀರಿನ ಗಡಿಗೆ ಎಲ್ಲಿ, ನಾನು ಉಂಡೆನಾ, ಇದು ಯಾರ ಮನೆ ಎಂದು ಕೇಳುತ್ತಲೇ ಇರುತ್ತಿದ್ದರು. ಗುಬ್ಬಿ ಪಕ್ಕದಲ್ಲಿ ಕೂತು ಬೇಸರವಿಲ್ಲದೆ ಹೇಳುತ್ತಲೇ ಇರುತ್ತಿದ್ದಳು.

"ಪಾಪ ಕಣೇ, ಮೇಡಂಗೂ ಅಜ್ಜಿ ಹಾಗೇ ಮರೆವು," ಎಂದೆ. "ಅಜ್ಜಿಗೆ ಎಷ್ಟು ಸಲ ಹೇಳ್ತಿದ್ದೆ ನೀನು? ಕಾಯಿಲೆಯವರಿಗೆ ಇನ್ನೊಂದ್ಸಲ ಹೇಳಿದ್ರೆ ಯಾರ ಮಾತೂ ಸುಳ್ಳಾಗಲ್ಲ. ಮುಂದಿನ ಸಲ ಎಲ್ಲಾ ಹೇಳಿಬಿಡು."

"ಅಷ್ಟು ಚಿಕ್ಕ ವಯಸ್ಸಿಗೇನಾ?" ಎಂದಳು. ಅವಳ ಕಣ್ಣು ತುಂಬಿತು.

ಗುಬ್ಬಿಯ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದಂತೆ. ಮರುದಿನದಿಂದಲೇ ಮಕ್ಕಳು ಮೇಡಂ ಅವರನ್ನು ನೋಡುವ ರೀತಿ ಬದಲಾಯಿತು. ಮೇಡಂ "ಊಟ ಆಯ್ತಾ?" ಎಂದರೆ ಅವರ ದಾರಿಗೆ ಅಡ್ಡ ನಿಂತು, "ನಮ್ಮದು ಆಯ್ತು ಮೇಡಂ. ನಿಮ್ಮದೂ ಆಗಲೇ ಆಯ್ತು," ಎಂದು ನೆನಪು ಮಾಡುತ್ತಿದ್ದರು. ಒಬ್ಬ ಅವರ ಚಪ್ಪಲಿಯನ್ನು ತಂದು ಕಾಲ ಬಳಿ ಇಡುವುದು, ಇನ್ನೊಬ್ಬಳು ಕೈಹಿಡಿದು ಅವರ ಕೋಣೆಯವರೆಗೆ ಬಿಟ್ಟು ಬರುವುದು. ಉದ್ದಕ್ಕ ಒಂದು ದಿನ ಅವರಿಗೆ, "ನೀವು ಮೇಡಂ. ಇದು ಶಾಲೆ," ಎಂದು ಸಮಾಧಾನ ಹೇಳಿದಳು.

ಮೇಡಂ ಸಂತೋಷದಿಂದ ಹೆಡ್ಮಾಸ್ಟರ ಹತ್ತಿರ ಓಡಿದರು. "ಸಾರ್, ಮಾತ್ರೆ ಶುರು ಮಾಡಿದ ವಾರಕ್ಕೇ ಮಕ್ಕಳು ಬಾಯಿ ಬಿಡ್ತಿದಾರೆ! ಎಷ್ಟು ಪ್ರೀತಿ, ಎಷ್ಟು ಚುರುಕು!"

"ಎಲ್ಲಾ ಮಾತ್ರೆ ಮಹಿಮೆ," ಎಂದರು ಹೆಡ್ಮಾಸ್ಟರು. ದಿನಾ ಬೆಳಿಗ್ಗೆ ಮಾತ್ರೆ ಹಂಚುವ ಕೆಲಸ ಅವರದೇ. ಮಗುವಿನ ಬಾಯಿಗೆ ಒಂದು ಹಾಕುವುದು, ಒಂದು ಗುಟುಕು ನೀರು ಕುಡಿಸುವುದು, "ಆ ಅನ್ನು" ಎನ್ನುವುದು. ಮಗು ಆ ಎನ್ನುವಾಗ ಅವರು ಫೋನು ನೋಡುತ್ತಿದ್ದರು.

ಗಂಜಿ ಮೊದಲಿನಂತೆ ತೆಳ್ಳಗೇ ಇತ್ತು. ಮೊಟ್ಟೆ ಬರಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದು ಚಿಕ್ಕಮ್ಮ ಹೇಳಿದರೆ, ಹೆಡ್ಮಾಸ್ಟರು, "ಹಿಟ್ಟೂ ಇದೆ, ಅರ್ಧ ಮಾತ್ರೆಗಳು ಹಿಟ್ಟೇ ಅಲ್ವಾ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಎರಡನೇ ಪರೀಕ್ಷೆಯ ಹಿಂದಿನ ದಿನವೇ ಜೀಪು ಬಂತು. ಮಾತ್ರೆ ಮಾಡುವ ಕಂಪನಿಯ ದೊಡ್ಡ ಮನುಷ್ಯರು ಅದರಲ್ಲಿ ಬಂದಿಳಿದರು. ಅವರ ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮಕ್ಕಳು ನಿಜವಾಗಿಯೂ ನೋಡಿಕೊಂಡರು. ಅವರಿಗೆ ಬೂಟು ಸಾರು ಎಂಬ ಹೆಸರು ಅಲ್ಲೇ ಅಂಟಿತು. ಅಂದು ಗಂಜಿಗೆ ಬೇಳೆ ಬಿತ್ತು.

ಗುಬ್ಬಿಯ ಬಟ್ಟೆಗಳನ್ನು ನಾನು ಒಗೆದು ಒಣಹಾಕಿದೆ. ಹೋಗುವುದಾದರೆ ಕೊಳಕು ಬಟ್ಟೆಯಲ್ಲಿ ಹೋಗುವುದು ಬೇಡ ಎಂದು ಒಂದು ಮನಸ್ಸು. ಒಗೆದದ್ದೇ ಅಪಶಕುನವಾಯಿತೇನೋ ಎಂದು ಇನ್ನೊಂದು ಮನಸ್ಸು.

ಪರೀಕ್ಷೆ ಶುರುವಾಯಿತು. ಮತ್ತೆ ಉದ್ದಕ್ಕನೇ ಮೊದಲು. ಕೊಡೆ, ಗಡಿಯಾರ, ಐದು. ಎರಡನೆಯವನು ಒಳಗೆ ಹೋಗಿ, ಕಿವಿ ಕೇಳದವರಿಗೆ ಹೇಳುವಂತೆ ಗಟ್ಟಿಯಾಗಿ, ನಿಧಾನವಾಗಿ, "ಇದು... ಕೊಡೆ... ಮೇಡಂ" ಎಂದ. ಫ್ರಿಜ್ಜಿಗೂ ಅವನು ಬಿಟ್ಟುಕೊಡಲಿಲ್ಲ. ಗೊತ್ತಾಗದ ಚಿತ್ರಗಳು ಏನೇನು ಎಂದು ಮಕ್ಕಳು ಹಿಂದಿನ ದಿನವೇ ಜೀಪಿನ ಡ್ರೈವರನ್ನೇ ಕೇಳಿ ತಿಳಿದುಕೊಂಡಿದ್ದರು. ಕಾಯಿಲೆಯವರಿಗೆ ಅರ್ಧಂಬರ್ಧ ಹೇಳಬಾರದಲ್ಲ. ಮೇಡಂ "ನಾನೇನು ಹೇಳಿದೆ?" ಎಂದಾಗಲಂತೂ ಪ್ರತಿಯೊಬ್ಬರೂ ಮುಂದಕ್ಕೆ ಬಾಗಿ, "ಚೆಂಡು, ಕುರ್ಚಿ, ಮಳೆ, ಬಾಗಿಲು. ಪರವಾಗಿಲ್ಲ ಮೇಡಂ, ಆಗುತ್ತೆ," ಎಂದರು.

ಬೂಟು ಸಾರು ಕುರ್ಚಿಯ ತುದಿಗೆ ಬಂದಿದ್ದರು. "ಎಲ್ಲರಿಗೂ ಪೂರ್ತಿ ಅಂಕನಾ? ಹಿಟ್ಟಿನ ಮಾತ್ರೆ ತಿಂದವರಿಗೂ?"

"ಇಲ್ಲೀವರೆಗೆ ಬಂದ ಎಲ್ಲರಿಗೂ," ಎಂದರು ಮೇಡಂ. ಅವರ ಮುಖದಲ್ಲಿ ಸಂತೋಷದ ಜೊತೆಗೆ ಏನೋ ಅನುಮಾನವೂ ಸೇರಿತ್ತು.

ಬೂಟು ಸಾರು ಒಂದು ಕ್ಷಣ ಯೋಚಿಸಿದರು. "ಹಿಟ್ಟಿಗೂ ಒಂದು ಒಳ್ಳೆ ಹೆಸರು ಇಡೋಣ."

ಕೊನೆಗೆ ಗುಬ್ಬಿ ಹೋದಳು. ನಾನು ಪಾತ್ರೆ ಬಿಟ್ಟು ಕಿಂಡಿಗೆ ಮುಖ ಒತ್ತಿ ನಿಂತೆ. ಎಲ್ಲವನ್ನೂ ಹೇಳಿದಳು. ಒಂದೂ ತಪ್ಪಲಿಲ್ಲ. ನನ್ನ ಎದೆಯಿಂದ ಒಂದು ಚಪ್ಪಡಿ ಕಲ್ಲು ಇಳಿದಂತಾಯಿತು. ಆದರೆ ಗುಬ್ಬಿ ಹೊರಗೆ ಬರಲಿಲ್ಲ. ಲಂಗದೊಳಗಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದಳು. ತುಂಬಾ ಕಿತ್ತಳೆ ಮಾತ್ರೆಗಳು. ಕೆಲವು ಗುಂಡಗಿದ್ದವು, ಬಹಳಷ್ಟು ನಾಲಿಗೆಯ ಅಡಿಯಲ್ಲಿ ಕೂತು ಅರ್ಧ ಕರಗಿ, ಬಣ್ಣ ಬಿಟ್ಟು, ಬಿಸಿಲಿಗೆ ಒಣಗಿದ್ದವು.

"ಇದು ನಿಮಗೆ ಮೇಡಂ. ಎಲ್ಲರೂ ಸೇರಿ ಕೂಡಿಟ್ಟಿದ್ದು. ಇನ್ನೂ ಎರಡು ಡಬ್ಬಿ ಹಾಸಿಗೆ ಕೆಳಗಿದೆ."

"ನನಗಾ? ಯಾಕಮ್ಮಾ?"

"ನೆನಪಿನ ಶಕ್ತಿ ಬರುತ್ತೆ ಅಂತ ಹೆಡ್ಮಾಸ್ಟರು ಹೇಳಿದ್ರು. ನಮಗೆ ನೆನಪಿದೆ. ನಿಮಗೇ ಬೇಕಾಗಿರೋದು. ಉದ್ದಕ್ಕ ಹೇಳಿದ್ದನ್ನ ನೀವು ಆವಾಗಲೇ ಮರೆತುಬಿಟ್ರಿ, ಪಾಪ. ಆ ಸಲ ನಮಗೆ ಕಾಯಿಲೆ ಅಂತ ಗೊತ್ತಿರ್ಲಿಲ್ಲ. ಹೇಳಿದ್ದನ್ನೇ ಹೇಳ್ಬಾರ್ದು ಅಂತ ಸುಮ್ಮನಿದ್ವಿ."

ಚಿಕ್ಕಮ್ಮ ನನ್ನ ಹಿಂದೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಮೇಡಂ ಡಬ್ಬಿ ನೋಡಿದರು, ಗುಬ್ಬಿಯನ್ನು ನೋಡಿದರು, ಬಾಗಿಲಾಚೆ ಎತ್ತರದ ಪ್ರಕಾರ ನಿಂತ ಸಾಲನ್ನು ನೋಡಿದರು.

"ಸಾಲು," ಎಂದರು. "ಅಯ್ಯೋ, ಆ ಗೆರೆ! ನೀವು ಸಾಲು ನಿಲ್ಲಿಸಿದ್ದಕ್ಕೆ..." ಹೆಡ್ಮಾಸ್ಟರ ಕಡೆ ತಿರುಗಿದರು. "ಮಾತ್ರೆ ಒಂದು ಮಗೂನೂ ತಿಂದಿಲ್ಲ ಸಾರ್."

"ಕೈಯಲ್ಲಿ ಹಿಡಿದಿದ್ದಕ್ಕೇ ಇಷ್ಟು ಬುದ್ಧಿ ಬಂದಿದೆ, ನುಂಗಿದ್ರೆ ಇನ್ನೆಷ್ಟು!" ಎಂದರು ಬೂಟು ಸಾರು.

"ಇಲ್ಲ, ಈ ಪರೀಕ್ಷೆ ಲೆಕ್ಕಕ್ಕಿಲ್ಲ," ಎಂದು ಮೇಡಂ ಪೆನ್ನು ಕೆಳಗಿಟ್ಟರು.

ಹೆಡ್ಮಾಸ್ಟರಿಗೆ ಕೋಪ ಬಂದಿತ್ತು. ಆ ಎನ್ನಿಸುವಾಗ ಫೋನು ನೋಡುತ್ತಿದ್ದದ್ದು ಬಯಲಾದರೆ ಎಂಬ ಹೆದರಿಕೆಯೂ ಇತ್ತು. ಎರಡೂ ಸೇರಿ ಅತ್ಯಂತ ಕುಳ್ಳ ತಲೆಯ ಮೇಲೆ ಬಿದ್ದವು. "ಇದು ಲೆಕ್ಕಕ್ಕಿಲ್ಲ ಅಂದ್ರೆ ಮೊದಲನೇದೇ ಗಟ್ಟಿ. ಅದರಲ್ಲಿ ಇವಳದು ಸೊನ್ನೆ. ಕಿತಾಪತಿಗೆಲ್ಲ ಇವಳೇ ಮೂಲ. ನಾಳೆ ಜೀಪಲ್ಲಿ ಹತ್ತಿಸಿ ಕಳಿಸಿ."

ಗುಬ್ಬಿ ನನ್ನನ್ನು ಹುಡುಕಿ ಕಿಂಡಿಯ ಕಡೆ ನೋಡಿದಳು. ಅವಳಿಗೆ ಏನು ತಪ್ಪಾಯಿತೆಂದು ಅರ್ಥವಾಗಿರಲಿಲ್ಲ.

ನಾನು ಹೇಗೆ ಉಗ್ರಾಣದೊಳಗೆ ಹೋದೆನೋ ತಿಳಿಯದು. ಕೈಯಿಂದ ಬೂದಿನೀರು ತೊಟ್ಟಿಕ್ಕುತ್ತಿತ್ತು.

"ಮೇಡಂ," ಎಂದೆ. ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಸುಮ್ಮನಿದ್ದದ್ದು ಲೆಕ್ಕಕ್ಕೆ ಬಂದ್ರೆ ಮಾತಾಡಿದ್ದೂ ಬರ್ಲಿ. ಬಿಡೋದಾದ್ರೆ ಎರಡನ್ನೂ ಬಿಡಿ. ಸೊನ್ನೆ ಮಾತ್ರ ಇಟ್ಕೊಂಡು ಹೋಗ್ಬೇಡಿ."

"ಮೂಗಿಗೂ ಯಾರಾದ್ರೂ ಮಾತ್ರೆ ಕೊಟ್ರಾ?" ಎಂದರು ಹೆಡ್ಮಾಸ್ಟರು.

ಎರಡನ್ನೂ ಬಿಟ್ಟರೆ ಮೇಡಂ ಅವರ ಇಷ್ಟು ದಿನದ ಕೆಲಸ ಮಣ್ಣುಪಾಲು, ಬೂಟು ಸಾರಿನ ಪೆಟ್ಟಿಗೆಗಳೂ ಅದರ ಹಿಂದೆಯೇ. ಎರಡನ್ನೂ ಇಟ್ಟುಕೊಂಡರೆ ಸುಳ್ಳು. ಮೇಡಂ ಬಹಳ ಹೊತ್ತು ನನ್ನನ್ನೇ ನೋಡಿದರು. ಒಳ್ಳೆಯ ಹೆಂಗಸು ಎಂದು ಮೊದಲೇ ಹೇಳಿದೆನಲ್ಲ. ಒಳ್ಳೆಯವರಿಗೆ ಇಂಥ ಹೊತ್ತಿನಲ್ಲಿ ಬಹಳ ಸಮಯ ಹಿಡಿಯುತ್ತದೆ. ಬೂಟು ಸಾರಿಗೆ ಹಿಡಿಯಲಿಲ್ಲ. ಅವರು ಡಬ್ಬಿಯ ಮುಚ್ಚಳ ಮುಚ್ಚಿ, ಪೆನ್ನನ್ನು ಎತ್ತಿ ಮೇಡಂ ಕೈಗೆ ಕೊಟ್ಟು, "ಈ ಮಗು ನಮ್ಮ ಮುಂದಿನ ಪೆಟ್ಟಿಗೆ ಮೇಲೆ ಬರ್ಬೇಕು. ಸೊನ್ನೆಯಿಂದ ಪೂರ್ತಿ! ಜೀಪಲ್ಲಿ ಯಾಕೆ ಕಳಿಸ್ತೀರಿ? ಫೋಟೋಗ್ರಾಫರ್ ಇಲ್ಲಿಗೇ ಬರ್ತಾನೆ," ಎಂದರು.

ಹೀಗೆ ನನ್ನ ತಂಗಿಯನ್ನು ಉಳಿಸಿದ್ದು ನ್ಯಾಯವಲ್ಲ, ಕಂಪನಿ. ಯಾರು ಉಳಿಸಿದರೇನು, ನಾನು ಬೇಡ ಎನ್ನಲಿಲ್ಲ.

ಮೇಡಂ ತಲೆಯೆತ್ತದೆ ಅಂಕ ಬರೆದರು. ಬರೆದು ಮುಗಿಸಿದರೂ ಗುಬ್ಬಿ ಕದಲಲಿಲ್ಲ. ಡಬ್ಬಿಯಿಂದ ಇದ್ದದ್ದರಲ್ಲಿ ಗುಂಡಗಿದ್ದ ಒಂದನ್ನು ಆರಿಸಿ, ನೀರಿನ ಲೋಟ ಹಿಡಿದು ನಿಂತಳು. "ನುಂಗಿ ಮೇಡಂ. ಆ ಅನ್ನಿ."

ಮೇಡಂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮುಖ ಕಿವುಚಿ, "ಆ" ಎಂದರು. ಗುಬ್ಬಿ ಕಾಲ್ಬೆರಳ ಮೇಲೆ ನಿಂತು ಒಳಗೆಲ್ಲ ಸರಿಯಾಗಿ ನೋಡಿದಳು.

"ಈಗ ಹೇಳಿ. ನನ್ನ ಹೆಸರೇನು?"

ಮೇಡಂ ಕಣ್ಣು ಮೇಜಿನ ಮೇಲಿದ್ದ ಹಾಳೆಗೆ ಹೋಯಿತು. ಅಲ್ಲಿ ಅವಳ ಎತ್ತರ ಇತ್ತು, ತೂಕ ಇತ್ತು, ಒಂದು ನಂಬರು ಇತ್ತು. ಅವರು ಬಾಯಿ ತೆರೆದು ಹಾಗೆಯೇ ಕೂತರು.

"ದಿನಾ ಕೊಡ್ಬೇಕಕ್ಕಾ," ಎಂದಳು ಗುಬ್ಬಿ ನನಗೆ, "ಒಂದಕ್ಕೆ ಬಗ್ಗಲ್ಲ ಇದು."

ಹೊರಗೆ ಹೆಡ್ಮಾಸ್ಟರು ಜೀಪಿನ ಡ್ರೈವರಿಗೆ, ನಾಳೆ ಮಗು ಬರುವುದಿಲ್ಲ, ಆ ಜಾಗದಲ್ಲಿ ಖಾಲಿ ಪೆಟ್ಟಿಗೆಗಳನ್ನು ಹಾಕಿಕೊಂಡು ಹೋಗು ಎಂದು ಹೇಳುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಗುಬ್ಬಿಯ ಒಗೆದ ಬಟ್ಟೆಗಳನ್ನು ಹಗ್ಗದಿಂದ ತೆಗೆದು ಮಡಿಚಿಟ್ಟೆ.